ಸಿಪಿಡಿ ಆಡಿಟ್ ಕರೆ ಬಂದರೆ ರೇಡಿಯೋಗ್ರಾಫರ್ ಏನು ಮಾಡಬೇಕು?

ಮಣಿಪಾಲದಲ್ಲೋ ಬೆಂಗಳೂರಿನಲ್ಲೋ ಇಮೇಜಿಂಗ್ ಅಥವಾ ರೇಡಿಯೊಥೆರಪಿ ಓದಿ ಬ್ರಿಟನ್ನಿನ ಆಸ್ಪತ್ರೆ ಸೇರಿದವರಿಗಾಗಿ, ಸೇರಲು ಹೊರಟವರಿಗಾಗಿ ಈ ಬರಹ. ಸಿಪಿಡಿ (ಕಂಟಿನ್ಯೂಯಿಂಗ್ ಪ್ರೊಫೆಷನಲ್ ಡೆವಲಪ್‌ಮೆಂಟ್) ಎಂದರೆ ಕೆಲಸಕ್ಕೆ ಸೇರಿದ ಮೇಲೂ ಮುಂದುವರಿಸುವ ಕಲಿಕೆ, ಆಡಿಟ್ ಎಂದರೆ ಅದರ ದಾಖಲೆಯ ಪರಿಶೀಲನೆ. ಅಲ್ಲಿ ರೇಡಿಯೋಗ್ರಾಫರ್ ಎಂದು ಹೇಳಿಕೊಳ್ಳಲು ಹೆಲ್ತ್ ಅಂಡ್ ಕೇರ್ ಪ್ರೊಫೆಷನ್ಸ್ ಕೌನ್ಸಿಲ್ (ಎಚ್‌ಸಿಪಿಸಿ) ಪಟ್ಟಿಯಲ್ಲಿ ಹೆಸರು ಇರಲೇಬೇಕು. ಅದು ಕಾನೂನು. ಎಕ್ಸ್‌ರೇ, ಸಿಟಿ ಮಾಡುವ ಡಯಾಗ್ನೋಸ್ಟಿಕ್‌ನವರಿಗೂ ಕ್ಯಾನ್ಸರಿಗೆ ರೇಡಿಯೇಶನ್ ಕೊಡುವ ಥೆರಪ್ಯೂಟಿಕ್‌ನವರಿಗೂ ಒಂದೇ ನಿಯಮ.

ಹೆಸರು ಸೇರಿಸಲು ಎಷ್ಟು ಒದ್ದಾಡಬೇಕು ಅಂತ ಎಲ್ಲರೂ ಹೇಳುತ್ತಾರೆ. ಉಳಿಸಿಕೊಳ್ಳುವುದರ ಬಗ್ಗೆ ಮಾತು ಕಡಿಮೆ.

ಮೊದಲು ದಿನಾಂಕ ನೋಡಿಕೊಳ್ಳಿ. ರೇಡಿಯೋಗ್ರಾಫರ್‌ಗಳ ನೋಂದಣಿ ಎರಡು ವರ್ಷಕ್ಕೊಮ್ಮೆ ನವೀಕರಣ ಆಗಬೇಕು. ಸರಿಸಂಖ್ಯೆಯ ವರ್ಷದ (2024, 2026, ಹೀಗೆ) ಫೆಬ್ರವರಿ ಕೊನೆಗೆ ಅವಧಿ ಮುಗಿಯುತ್ತದೆ. ಅದಕ್ಕೂ ಹಿಂದಿನ ಡಿಸೆಂಬರ್‌ನಲ್ಲಿ ಆನ್‌ಲೈನ್ ಖಾತೆಯಲ್ಲಿ ನವೀಕರಣ ತೆರೆದುಕೊಳ್ಳುತ್ತದೆ. ಕೆಲಸದಲ್ಲಿ ಇದ್ದೇನೆ, ಸಿಪಿಡಿ ಮಾಡಿದ್ದೇನೆ ಎಂದು ಘೋಷಿಸಿ, ಶುಲ್ಕ ಕಟ್ಟಬೇಕು. ಹಳೆಯ ಇಮೇಲ್ ವಿಳಾಸ ಉಳಿದಿದ್ದರೆ ಮೊದಲು ಬದಲಿಸಿ. ಪತ್ರ ಕಾಣಲಿಲ್ಲ ಎಂದು ಗಡುವು ಕಾಯುವುದಿಲ್ಲ.

ಇದೇ ಹೊತ್ತಿನಲ್ಲಿ ಶೇ 2.5ರಷ್ಟು ಜನರನ್ನು ಚೀಟಿ ಎತ್ತಿದ ಹಾಗೆ ಆರಿಸಿ, ಹಿಂದಿನ ಎರಡು ವರ್ಷದ ಸಿಪಿಡಿ ಪ್ರೊಫೈಲ್ (ಕಲಿಕೆಯ ವಿವರ ಬರೆದ ಕಡತ) ಕೇಳುತ್ತಾರೆ. ಇದೇ ಆಡಿಟ್. ನಿಮ್ಮ ಮೇಲೆ ದೂರು ಬಂದಿದೆ ಅಂತ ಅದರ ಅರ್ಥ ಅಲ್ಲ. ನೋಂದಣಿಯಾಗಿ ಎರಡು ವರ್ಷ ಆಗದವರನ್ನು ಆರಿಸುವುದಿಲ್ಲ. ಆದರೆ ದಾಖಲೆ ಇಡುವ ಕೆಲಸ ಮೊದಲ ದಿನದಿಂದಲೇ ಶುರು.

ದಾಖಲೆ ಹೇಗಿರಬೇಕು? ಇಷ್ಟು ಗಂಟೆ, ಇಷ್ಟು ಪಾಯಿಂಟ್ ಎಂಬ ಲೆಕ್ಕ ಎಚ್‌ಸಿಪಿಸಿಗೆ ಇಲ್ಲ. ಒಂದೇ ಥರದ ಕಲಿಕೆ ಸಾಲದು ಎನ್ನುತ್ತದೆ, ಅಷ್ಟೇ. ಬರೀ ಆನ್‌ಲೈನ್ ಕೋರ್ಸ್‌ಗಳ ಸರ್ಟಿಫಿಕೇಟ್ ಪೇರಿಸಿದರೆ ಉಪಯೋಗವಿಲ್ಲ. ವಿದ್ಯಾರ್ಥಿಗೆ ಕೆಲಸ ಹೇಳಿಕೊಟ್ಟದ್ದು, ರಿಜೆಕ್ಟ್ ಅನಾಲಿಸಿಸ್ (ಸರಿಬಾರದ ಚಿತ್ರಗಳು ಏಕೆ ಕೆಟ್ಟವು ಎಂಬ ಪರಿಶೀಲನೆ) ಮಾಡಿದ್ದು, ಹೊಸ ಯಂತ್ರದ ತರಬೇತಿ, ಲೇಖನ ಓದಿ ಸಹೋದ್ಯೋಗಿಗಳ ಜೊತೆ ಚರ್ಚಿಸಿದ್ದು ಎಲ್ಲವೂ ಸಿಪಿಡಿಯೇ. ದಿನಾಂಕ, ಏನು ಮಾಡಿದಿರಿ, ಯಾವ ಬಗೆಯದು: ಒಂದು ಸಾಲು ಸಾಕು. ಮೂರು ತಿಂಗಳಿಗಿಂತ ದೊಡ್ಡ ಖಾಲಿ ಜಾಗ ಬಿದ್ದರೆ ಕಾರಣ ಬರೆಯಿರಿ. ಹೆರಿಗೆ ರಜೆ, ಕಾಯಿಲೆ ಏನೇ ಇದ್ದರೂ ಸರಿ.

ಈಗ ಪ್ರೊಫೈಲ್. ನಿಮ್ಮ ಕೆಲಸದ ಪರಿಚಯಕ್ಕೆ 500 ಪದ, ಹೇಳಿಕೆಗೆ 1,500 ಪದದ ಮಿತಿ. ಜೊತೆಗೆ ಸಿಪಿಡಿ ಪಟ್ಟಿ, ಒಂದಿಷ್ಟು ಪುರಾವೆ. ಪರಿಚಯ ಸುಲಭ: ಯಾವ ವಿಭಾಗ, ಯಾವ ಜವಾಬ್ದಾರಿ, ಯಾರ ಜೊತೆ ಕೆಲಸ.

ನಿಜವಾದ ಕೆಲಸ ಇರುವುದು ಹೇಳಿಕೆಯಲ್ಲಿ. ಎರಡು ವರ್ಷದಲ್ಲಿ ಮಾಡಿದ್ದೆಲ್ಲ ತುಂಬಲು ಹೋಗಬೇಡಿ. ನಾಲ್ಕೈದು ವಿಷಯ ಆರಿಸಿ. ಪ್ರತಿಯೊಂದಕ್ಕೂ ಮೂರು ಪ್ರಶ್ನೆ ಕೇಳಿಕೊಳ್ಳಿ: ಏನು ಕಲಿತೆ? ನನ್ನ ಕೆಲಸದಲ್ಲಿ ಏನು ಬದಲಾಯಿತು? ರೋಗಿಗೆ ಏನು ಸಿಕ್ಕಿತು? ಮೂರನೆಯದಕ್ಕೆ ಉತ್ತರ ಬರೆಯುವಾಗಲೇ ಪೆನ್ನು ನಿಲ್ಲುವುದು.

ಉದಾಹರಣೆಗೆ, ‘ಪ್ರಾಸ್ಟೇಟ್ ರೇಡಿಯೊಥೆರಪಿ ಕುರಿತ ತರಬೇತಿಗೆ ಹೋಗಿದ್ದೆ, ತುಂಬಾ ಉಪಯುಕ್ತವಾಗಿತ್ತು’ ಎಂದು ಬರೆದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ಹೀಗೆ ಬರೆಯಿರಿ: ‘ಮೂತ್ರಕೋಶ ಸರಿಯಾಗಿ ತುಂಬದೆ ರೋಗಿಗಳನ್ನು ಮೇಜಿನಿಂದ ಇಳಿಸಿ, ನೀರು ಕುಡಿಸಿ, ಮತ್ತೆ ಸ್ಕ್ಯಾನ್ ಮಾಡಬೇಕಾಗುತ್ತಿತ್ತು. ತರಬೇತಿಯ ನಂತರ ಎಷ್ಟು ನೀರು, ಯಾವಾಗ ಎಂದು ಮೊದಲ ಭೇಟಿಯಲ್ಲೇ ವಿವರಿಸಲು ಶುರುಮಾಡಿದೆ. ಮತ್ತೆ ಸ್ಕ್ಯಾನ್ ಮಾಡುವ ಸಂದರ್ಭ ಕಡಿಮೆಯಾಯಿತು, ರೋಗಿ ಕಾಯುವುದೂ ತಪ್ಪಿತು.’ ಇಲ್ಲಿ ಕಲಿಕೆ, ಬದಲಾವಣೆ, ಲಾಭ ಮೂರೂ ಕಾಣುತ್ತವೆ. ಆದರೆ ನಿಮ್ಮ ವಿಭಾಗದಲ್ಲಿ ನಿಜವಾಗಿ ನಡೆದದ್ದನ್ನೇ ಬರೆಯಬೇಕು. ಬೇರೆಯವರ ಪ್ರೊಫೈಲ್ ನಕಲು ಮಾಡಬೇಡಿ. ಸ್ವಂತ ಬರಹವೇ ಆಗಿರಬೇಕು ಎಂಬುದು ಸಿಪಿಡಿ ಮಾನದಂಡದಲ್ಲೇ ಇದೆ.

ಇಂಗ್ಲಿಷ್ ಅಲಂಕಾರದ ಚಿಂತೆಯೂ ಬೇಡ. ಕೆಲಸ ಚೆನ್ನಾಗಿ ಮಾಡುವ ನಮ್ಮವರು ಬರೆಯಲು ಕೂತಾಗ ಮಾತ್ರ ಹಿಂಜರಿಯುತ್ತಾರೆ. ರೋಗಿಯ ಮನೆಯವರಿಗೆ ವಿವರಿಸುವಷ್ಟು ಸರಳವಾಗಿ ಬರೆದರೆ ಸಾಕು.

ಪುರಾವೆ ಸೇರಿಸುವಾಗ ರೋಗಿಯ ಹೆಸರು, ಎನ್‌ಎಚ್‌ಎಸ್ (ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ) ಸಂಖ್ಯೆ, ಚಿತ್ರದ ಮೂಲೆಯಲ್ಲಿರುವ ವಿವರ ಯಾವುದೂ ಕಾಣಬಾರದು. ಹೇಳಿಕೆಯಲ್ಲಿ ಬರೆದ ವಿಷಯಗಳಿಗೆ ಸಂಬಂಧಿಸಿದ ಕಾಗದ ಮಾತ್ರ ಕಳಿಸಿ.

ಪ್ರೊಫೈಲನ್ನು ಇಬ್ಬರು ಪರಿಶೀಲಿಸುತ್ತಾರೆ, ಅವರಲ್ಲಿ ಒಬ್ಬರಾದರೂ ನಿಮ್ಮದೇ ವೃತ್ತಿಯವರು. ಕೊರತೆ ಕಂಡರೆ ಹೆಚ್ಚಿನ ಮಾಹಿತಿ ಕೇಳಬಹುದು, ಕಾಲಾವಕಾಶವನ್ನೂ ಕೊಡಬಹುದು. ಏನೂ ಕಳಿಸದೆ ಸುಮ್ನೆ ಕೂತರೆ, ಅಥವಾ ಅಷ್ಟಾದರೂ ಮಾನದಂಡ ಮುಟ್ಟದಿದ್ದರೆ, ಹೆಸರು ಪಟ್ಟಿಯಿಂದ ಹೋಗಬಹುದು. ಕಾಯಿಲೆ, ಹೆರಿಗೆ ಅಥವಾ ಊರಿನಲ್ಲಿ ಮನೆಯವರ ತುರ್ತು ಇದ್ದರೆ ಮುಂದೂಡಿಕೆಗೆ ಅರ್ಜಿ ಹಾಕಬಹುದು. ಆ ಅರ್ಜಿ ಗಡುವು ದಾಟುವ ಮುಂಚೆಯೇ, ಕಾರಣಕ್ಕೆ ದಾಖಲೆಯೊಂದಿಗೆ ಹೋಗಲಿ.