ದಾರ ಹಿಡಿದು ಕರುಳು ಹೋಲಿಸಿ: ಬೆಕ್ಕು, ನಾಯಿ, ಹಂದಿ, ಹಸು

ಬೇಕಾದದ್ದು 5 ಮೀಟರ್ ದಾರ, ಸ್ಕೇಲು, ಕತ್ತರಿ. ಪ್ರತಿ ಪ್ರಾಣಿಯ ಮೈಯುದ್ದ 10 ಸೆಂ.ಮೀ. ಎಂದಿಟ್ಟುಕೊಂಡು ಕರುಳಿನ ದಾರ ಕತ್ತರಿಸಿ: ಬೆಕ್ಕಿಗೆ 40 ಸೆಂ.ಮೀ., ನಾಯಿಗೆ 60, ಹಂದಿಗೆ 140, ಹಸುವಿಗೆ 200. ಇವು ಸರಾಸರಿ ಲೆಕ್ಕ. ಮೈಯುದ್ದ ಎಂದರೆ ಮೂತಿಯಿಂದ ಬಾಲದ ಬುಡದವರೆಗೆ. ಮನುಷ್ಯನನ್ನು ಸೇರಿಸುವಾಗ ಕಾಲನ್ನೂ ಅಳೆದರೆ ಹೋಲಿಕೆಯೇ ಕೆಡುತ್ತದೆ.

ಮಾಂಸ ಬೇಗ ಕರಗುತ್ತದೆ, ಗಿಡ್ಡ ಕರುಳು ಸಾಕು. ಬೆಕ್ಕಿಗೆ ಬೇಕಾದ ಟಾರಿನ್ ಎಂಬ ಪೋಷಕಾಂಶ ಮಾಂಸ, ಮೀನಿನಲ್ಲಿದೆ. ಬರೀ ಹಾಲನ್ನದಲ್ಲಿ ಅದು ಬದುಕಲಾರದು. ನಾಯಿ ಬೇಯಿಸಿದ ಅನ್ನ, ರಾಗಿಮುದ್ದೆಯನ್ನೂ ಅರಗಿಸಿಕೊಳ್ಳುತ್ತದೆ.

ಇನ್ನು ಕೊಟ್ಟಿಗೆಗೆ ಬನ್ನಿ, ನೋಡುವುದು ಹೆಚ್ಚಿರುವುದು ಇಲ್ಲೇ. ಹಸುವಿನ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲಿಲ್ಲ, ಗಟ್ಟಿ ವಸಡಷ್ಟೇ. ಮೆಲುಕು ಹಾಕುವಾಗ ದವಡೆ ಅಡ್ಡಡ್ಡ ಓಡುತ್ತದೆ. ಬೆಕ್ಕಿನದು ಮೇಲೆ ಕೆಳಗೆ ಮಾತ್ರ. ಹಸುವಿನ ಎಡಗಡೆ ಕೊನೆಯ ಪಕ್ಕೆಲುಬಿನ ಹಿಂದಿನ ಗುಳಿಗೆ ಮುಷ್ಟಿ ಒತ್ತಿ 2 ನಿಮಿಷ ಹಿಡಿಯಿರಿ. ಆರೋಗ್ಯವಂತ ಹಸುವಿನಲ್ಲಿ ನಾಲ್ಕು ಹೊಟ್ಟೆಗಳ ಪೈಕಿ ಮೊದಲ ಹೊಟ್ಟೆ 2–3 ಸಲ ಉಬ್ಬಿ ಇಳಿಯುತ್ತದೆ. ಅಲ್ಲಿ ಸೂಕ್ಷ್ಮಜೀವಿಗಳು ಹುಲ್ಲಿನ ನಾರನ್ನು ಒಡೆಯುತ್ತವೆ. ಆಮ್ಲ ಸುರಿಯುವುದು ನಾಲ್ಕನೆಯ ಹೊಟ್ಟೆಯಲ್ಲಿ.

ಹಬ್ಬದಲ್ಲಿ ಉಳಿದ ಅನ್ನ, ಪಾಯಸವನ್ನು ಹಸುವಿಗೆ ಬಕೆಟ್‌ಗಟ್ಟಲೆ ಹಾಕಬೇಡಿ. ಪಿಷ್ಟ ಬೇಗ ಹುಳಿತು ಮೊದಲ ಹೊಟ್ಟೆಯಲ್ಲಿ ಆಮ್ಲ ಏರುತ್ತದೆ, ಮೆಲುಕು ನಿಲ್ಲುತ್ತದೆ, ಹಸು ಸಾಯಲೂಬಹುದು. ಹಾಸನದ ಆಲೂಗಡ್ಡೆ ಹೊಲಗಳ ಪಕ್ಕ ಇನ್ನೊಂದು ಅಪಾಯವಿದೆ: ಇಡೀ ಗಡ್ಡೆ ಗಂಟಲಲ್ಲಿ ಸಿಕ್ಕರೆ ತೇಗು ಹೊರಬಾರದೆ ಹೊಟ್ಟೆ ಉಬ್ಬರಿಸುತ್ತದೆ. ಕೋಲಿನಿಂದ ನೂಕಿದರೆ ಅನ್ನನಾಳ ಹರಿದುಹೋಗಬಹುದು. ತಕ್ಷಣ ಪಶುವೈದ್ಯರನ್ನು ಕರೆಸಿ.