ವ್ಯಕ್ತಿತ್ವದ ತೊಂದರೆಯನ್ನು ನಾನು ಗುರುತಿಸುವ ಬಗೆ

"ಮೇಡಂ, ನನ್ನ ಗಂಡ ನಾರ್ಸಿಸಿಸ್ಟ್. ಎಲ್ಲಾ ಲಕ್ಷಣಾನೂ ಮ್ಯಾಚ್ ಆಗುತ್ತೆ." ತಾನೇ ದೊಡ್ಡವನು ಅಂದುಕೊಂಡು ಬೇರೆಯವರ ನೋವು ಕಾಣದವನು ಅಂತ ಅರ್ಥ. ಈಚೆಗೆ ಈ ಮಾತು ನನ್ನ ಕೋಣೆಯಲ್ಲಿ ಜಾಸ್ತಿ ಕೇಳಿಬರುತ್ತಿದೆ. ರೀಲ್ಸ್ ನೋಡಿ ಹೆಸರು ಹಿಡಿದುಕೊಂಡೇ ಬರುತ್ತಾರೆ. ನಾನು ಅವರನ್ನು ಗದರುವುದಿಲ್ಲ. ಮನೆಯಲ್ಲಿ ಏನೋ ಸರಿಯಿಲ್ಲ ಅಂತ ಗೊತ್ತಾಗಿ ಇಲ್ಲಿವರೆಗೆ ಬಂದಿದ್ದಾರಲ್ಲ. ಆದರೆ ನನ್ನೆದುರು ಕೂರದ ಮನುಷ್ಯನಿಗೆ ಕಾಯಿಲೆಯ ಹೆಸರು ಕೊಡುವುದಿಲ್ಲ. ಗಂಡ ಕೈ ಮಾಡುತ್ತಿದ್ದರೆ ಅದಕ್ಕೆ ಮೊದಲು ದಾರಿ ಹುಡುಕಬೇಕು, ಅವನಿಗೆ ಡಯಾಗ್ನೋಸಿಸ್ ಇರಲಿ ಬಿಡಲಿ.

ನಾನು ಕ್ಲಿನಿಕಲ್ ಸೈಕಾಲಜಿಸ್ಟ್. ಜಿಲ್ಲಾ ಕೇಂದ್ರವೊಂದರಲ್ಲಿ ಕೆಲಸ. 'ನನಗೆ ಪರ್ಸನಾಲಿಟಿ ಡಿಸಾರ್ಡರ್ ಇದೆ', ಅಂದರೆ ತನ್ನನ್ನು ನೋಡಿಕೊಳ್ಳುವ, ಬೇರೆಯವರ ಜೊತೆ ಇರುವ ರೀತಿಯೇ ವರ್ಷಗಟ್ಟಲೆ ತೊಂದರೆ ಕೊಡುತ್ತಿದೆ, ಅಂತ ಬರುವವರು ಕಡಿಮೆ. ನಿದ್ದೆ ಇಲ್ಲ, ತಲೆನೋವು, ಯಾವ ಕೆಲಸದಲ್ಲೂ ನಿಲ್ಲುತ್ತಿಲ್ಲ, ಗಂಡ ಹೆಂಡಿರ ಜಗಳ, ಹೀಗೆ ಬರುತ್ತಾರೆ. ಒಂದು ಜಗಳ, ಒಂದು ದಿನದ ಸಿಟ್ಟು ನೋಡಿ ಏನೂ ಹೇಳಲಾಗದು. ಎಷ್ಟು ವರ್ಷದಿಂದ ಹೀಗೆ, ಎಲ್ಲೆಲ್ಲಿ ಹೀಗೆ ಅನ್ನುವುದನ್ನು ಕೆದಕಬೇಕು.

ಒಬ್ಬಳು ಹುಡುಗಿಯ ವಿಷಯ ಹೇಳುತ್ತೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ವಯಸ್ಸು 24. ಏಪ್ರಿಲ್ ಬಿಸಿಲಲ್ಲೂ ಉದ್ದ ತೋಳಿನ ಟಾಪ್. "ನೋಡಿ ಮೇಡಂ, ಚಿಕ್ಕೋಳಿದ್ದಾಗಿಂದ ಇವಳದ್ದು ಬರೀ ಹಠ" ಅಂದರು ತಾಯಿ. ಅವರನ್ನು ಹೊರಗೆ ಕೂರಿಸಿ, ಹುಡುಗಿಯ ಮುಂದೆ ಒಂದು ಬಿಳಿ ಹಾಳೆ ಇಟ್ಟೆ. ಅಡ್ಡಕ್ಕೆ ಒಂದು ಗೆರೆ ಎಳೆದು, ಕೆಳಗೆ ಹೈಸ್ಕೂಲ್, ಪಿಯುಸಿ, ಡಿಗ್ರಿ, ಕೆಲಸ ಅಂತ ಬರೆದೆ. "ಆಗ ನಿನ್ನ ಜೊತೆ ಯಾರಿದ್ದರಮ್ಮ?" ಅಂತ ಒಂದೊಂದಾಗಿ ಕೇಳುತ್ತಾ ಹೋದೆ.

ಪಿಯುಸಿಯಲ್ಲಿ ಒಬ್ಬಳು ಗೆಳತಿ. "ಅವಳಂಥ ಜೀವ ಇನ್ನೊಂದಿಲ್ಲ ಮೇಡಂ." ಆಮೇಲೆ? "ಒಂದಿನ ನನ್ನ ಬಿಟ್ಟು ಬೇರೆಯವರ ಜೊತೆ ಕ್ಯಾಂಟೀನಿಗೆ ಹೋದಳು. ಅವತ್ತೇ ಮುಗೀತು." ಡಿಗ್ರಿಯಲ್ಲಿ ಒಬ್ಬ ಲೆಕ್ಚರರ್ ದೇವರ ಸಮಾನ, ಸೆಮಿಸ್ಟರ್ ಮುಗಿಯುವಷ್ಟರಲ್ಲಿ ಮೋಸಗಾರ. ಪ್ರೀತಿಸಿದ ಹುಡುಗನ ನಂಬರನ್ನು ಬೆಳಿಗ್ಗೆ ಬ್ಲಾಕ್ ಮಾಡಿದ್ದಳು, ಸಂಜೆ ಅವನ ಪಿಜಿ ಮುಂದೆ ಹೋಗಿ ನಿಂತಿದ್ದಳು. ಟೀಮ್ ಲೀಡರ್ ಮುಖ ಗಂಟು ಹಾಕಿದರು ಅಂತ ಕೆಲಸ ಬಿಟ್ಟಿದ್ದಳು. ಹಾಳೆ ತುಂಬಿದ ಮೇಲೆ ಅವಳೇ ಅದನ್ನು ನೋಡುತ್ತಾ, "ಎಲ್ಲಾ ಕಡೆ ಒಂದೇ ಥರ ಆಗಿದೆ ಅಲ್ವಾ ಮೇಡಂ?" ಅಂದಳು. ನಾನು ಹುಡುಕುವ ಲಕ್ಷಣ ಅದೇ.

ತೋಳು ಮಡಚಿ ತೋರಿಸು ಅನ್ನಲಿಲ್ಲ. "ತುಂಬಾ ಸಂಕಟ ಆದಾಗ ನಿನಗೆ ನೀನೇ ನೋವು ಮಾಡ್ಕೊಳ್ತೀಯಾ?" ಅಂತ ನೇರವಾಗಿ ಕೇಳಿದೆ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತೆ ಅಂತ ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ಯಾರೂ ಕೇಳಿರಲಿಲ್ಲ ಅಂತ ಅವಳು ಅತ್ತಳು.

ಅವಳ ಚೀಟಿಯಲ್ಲಿ ಮೊದಲು ಬೈಪೋಲಾರ್, ಅಂದರೆ ಮನಸ್ಸು ಕೆಲವು ಕಾಲ ಮಿತಿಮೀರಿ ಉಬ್ಬಿ ಕೆಲವು ಕಾಲ ಕುಗ್ಗುವ ಕಾಯಿಲೆ, ಅಂತ ಬರೆದಿತ್ತು. ನನಗೆ ಕಂಡದ್ದು ಬಾರ್ಡರ್‌ಲೈನ್: ಭಾವನೆಗಳೂ ಸಂಬಂಧಗಳೂ ಒಂದೆಡೆ ನಿಲ್ಲದ ವ್ಯಕ್ತಿತ್ವದ ತೊಂದರೆ. ಇವೆರಡೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಹಾಗಾಗಿ ಮನಸ್ಸು ಎಷ್ಟು ಹೊತ್ತು ಹಾಗಿರುತ್ತೆ ಅಂತ ನಾನು ಗಂಟೆ ಲೆಕ್ಕದಲ್ಲಿ ಕೇಳುತ್ತೇನೆ. ಬೈಪೋಲಾರ್‌ನ ಉಬ್ಬಿದ ಸ್ಥಿತಿ, ಅಂದರೆ ಮೇನಿಯಾ, ಸಾಮಾನ್ಯವಾಗಿ ಒಂದು ವಾರವಾದರೂ ಹಿಡಿದಿಡುತ್ತದೆ. ಆಗ ನಿದ್ದೆ ಇಲ್ಲದಿದ್ದರೂ ಸುಸ್ತಾಗುವುದಿಲ್ಲ. ಬಾರ್ಡರ್‌ಲೈನ್‌ನಲ್ಲಿ ಬೆಳಿಗ್ಗೆಯ ಸಿಡಿಲು ಊಟದ ಹೊತ್ತಿಗೆ ಇಳಿಯಬಹುದು. ಹಿಂದೆ ಹೆಚ್ಚಾಗಿ ಯಾರದೋ ವಿಷಯ ಇರುತ್ತದೆ: ಫೋನ್ ಎತ್ತಲಿಲ್ಲ, ಬರ್ತೀನಿ ಅಂದವರು ಬರಲಿಲ್ಲ.

ಅಮೆರಿಕದ ಮನೋವೈದ್ಯರ ಡಿಎಸ್‌ಎಂ-5 ಕೈಪಿಡಿಯಲ್ಲಿ ಬಾರ್ಡರ್‌ಲೈನ್‌ಗೆ 9 ಲಕ್ಷಣಗಳಿವೆ, ಕನಿಷ್ಠ 5 ಇರಬೇಕು. ಆ ಪಟ್ಟಿಯನ್ನು ನಾನು ಓದಿ ಹೇಳುವುದಿಲ್ಲ. ಓದಿದರೆ ಯಾರು ಬೇಕಾದರೂ ಹೌದು ಹೌದು ಅಂತಾರೆ. 2022ರಲ್ಲಿ ಜಾರಿಗೆ ಬಂದ, ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11 ನನಗೆ ಜಾಸ್ತಿ ಉಪಯೋಗಕ್ಕೆ ಬಂದಿದೆ. ಅದು ಹಳೆಯ ಹೆಸರುಗಳನ್ನು ಬಹುತೇಕ ಬಿಟ್ಟು, ತೊಂದರೆ ಎಷ್ಟು ತೀವ್ರ ಅಂತ ಮೊದಲು ಕೇಳುತ್ತದೆ. ತನ್ನ ಬಗ್ಗೆ ಈ ಮನುಷ್ಯ ಏನಂದುಕೊಂಡಿದ್ದಾನೆ, ಬೇರೆಯವರ ಜೊತೆ ಹೇಗಿದ್ದಾನೆ ಅಂತ ನೋಡುತ್ತದೆ.

ಮನೆ, ಊರು ನೋಡದೆ ಲಕ್ಷಣ ಎಣಿಸುವುದು ಅನ್ಯಾಯ. ಸೊಸೆ ತವರಿಗೆ ಹೋಗಲೂ ಅತ್ತೆಯ ಅಪ್ಪಣೆ ಕೇಳುತ್ತಾಳೆ ಅಂದರೆ ಅವಳಿಗೆ ಪರಾವಲಂಬಿ ವ್ಯಕ್ತಿತ್ವ ಅಂತಲ್ಲ. ಕೇಳದಿದ್ದರೆ ಆ ಮನೆಯಲ್ಲಿ ಬಾಳಲಾಗದು, ಅಷ್ಟೇ. ಪಕ್ಕದ ಹೊಲದವನ ಮೇಲೆ ಸದಾ ಅನುಮಾನ ಪಡುವ ರೈತನ ಜಮೀನು ವ್ಯಾಜ್ಯ ನಿಜವಾಗಿಯೂ ಕೋರ್ಟಿನಲ್ಲಿದ್ದರೆ ಅವನ ಅನುಮಾನವನ್ನು ಕಾಯಿಲೆ ಅಂತ ಹೇಗೆ ಅನ್ನಲಿ? ಡಿಪ್ರೆಶನ್ ಇದ್ದಾಗಲೂ ಆತುರ ಪಡುವುದಿಲ್ಲ. ಅದಕ್ಕೆ ಚಿಕಿತ್ಸೆಯಾಗಿ ಮನಸ್ಸು ಎದ್ದು ಕೂತ ಮೇಲೆ, ಒಣಗಿದ ಗಿಡ ಮಳೆಗೆ ಚಿಗುರಿದ ಹಾಗೆ ಬೇರೆಯೇ ಮನುಷ್ಯ ಕಾಣುವುದುಂಟು. ಕುಡಿತ, ಥೈರಾಯ್ಡ್, ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಸುವ ತೊಂದರೆ) ಇವನ್ನೂ ನೋಡಿಸುತ್ತೇನೆ. ಹದಿಹರೆಯದವರ ವಿಷಯದಲ್ಲಂತೂ ಹೆಸರಿಡಲು ಇನ್ನೂ ನಿಧಾನ.

ಹುಡುಗಿಯ ಒಪ್ಪಿಗೆ ಪಡೆದು ತಾಯಿಯ ಜೊತೆ ಬೇರೆಯಾಗಿ ಮಾತಾಡಿದೆ. ಅಪ್ಪ ಕುಡಿದು ಬಂದು ಗಲಾಟೆ ಮಾಡುತ್ತಿದ್ದ ರಾತ್ರಿಗಳಲ್ಲಿ ಮಗು ಅತ್ತರೆ "ಸುಮ್ನಿರು, ಏನೂ ಆಗಿಲ್ಲ" ಅಂತ ಬಾಯಿ ಮುಚ್ಚಿಸುತ್ತಿದ್ದರಂತೆ. ತಾಯಿಯನ್ನು ದೂರುವುದಕ್ಕೆ ಇದನ್ನು ಹೇಳುತ್ತಿಲ್ಲ. ಅವರೂ ಅದೇ ಭಯದಲ್ಲಿದ್ದರು. ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲಿನೆಹನ್ ಇದನ್ನೇ ಎತ್ತಿ ಹೇಳಿದ್ದು: ಹುಟ್ಟಿನಿಂದಲೇ ಮನಸ್ಸು ಮೆದು, ಜೊತೆಗೆ ಅದರ ನೋವನ್ನು ಒಪ್ಪದ ಪರಿಸರ. ಅವರು ಕಟ್ಟಿದ ಡಿಬಿಟಿ (ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ) ಎಂಬ ಮಾತಿನ ಚಿಕಿತ್ಸೆಯನ್ನೇ ನಾವಿಂದು ಬಳಸುತ್ತೇವೆ. ತಾವೂ ಹರೆಯದಲ್ಲಿ ಇಂಥದ್ದನ್ನೇ ಅನುಭವಿಸಿದ್ದಾಗಿ 2011ರಲ್ಲಿ ಅವರು ಬಹಿರಂಗವಾಗಿ ಹೇಳಿದರು. ಇದನ್ನು ನನ್ನ ರೋಗಿಗಳಿಗೆ ತಪ್ಪದೆ ಹೇಳುತ್ತೇನೆ.

ಕಾಯಿಲೆಯ ಹೆಸರನ್ನು ಮುಚ್ಚಿಡುವುದಿಲ್ಲ. ಮೊದಲು ಹಾಳೆ ತೋರಿಸುತ್ತೇನೆ, ಆಮೇಲೆ ಹೆಸರು ಹೇಳುತ್ತೇನೆ. ಜೊತೆಯಲ್ಲೇ ಇನ್ನೊಂದು ಮಾತು: ಅಮೆರಿಕದ ಸಂಶೋಧಕಿ ಮೇರಿ ಝನಾರಿನಿ ತಂಡ ಬಾರ್ಡರ್‌ಲೈನ್ ಇದ್ದವರನ್ನು 10 ವರ್ಷ ಹಿಂಬಾಲಿಸಿ ನೋಡಿದಾಗ, 93 ಶೇಕಡಾ ಜನರಲ್ಲಿ ಲಕ್ಷಣಗಳು ಕನಿಷ್ಠ 2 ವರ್ಷ ತಗ್ಗಿದ್ದವು. ಕೆಲಸ, ಸಂಬಂಧ ಎಲ್ಲವೂ ಸೇರಿ ಪೂರ್ತಿ ಚೇತರಿಸಿಕೊಂಡವರು ಅರ್ಧದಷ್ಟು. ಇದಕ್ಕೇ ಅಂತ ಒಂದು ಮಾತ್ರೆ ಇಲ್ಲ, ಮಾತಿನ ಚಿಕಿತ್ಸೆಯೇ ಮುಖ್ಯ. ಸಮಯ ಹಿಡಿಯುತ್ತದೆ.

ಮನೆಯವರಲ್ಲಿ ನನ್ನದೊಂದು ಬೇಡಿಕೆ. ಕೈ ಗಾಯ ಮಾಡಿಕೊಂಡವರನ್ನು "ನಾಟಕ ಮಾಡ್ತಿದ್ದಾಳೆ" ಅನ್ನಬೇಡಿ. ಬಾರ್ಡರ್‌ಲೈನ್ ಇರುವವರಲ್ಲಿ ಜೀವ ಕಳೆದುಕೊಳ್ಳುವ ಅಪಾಯ ನಿಜಕ್ಕೂ ಹೆಚ್ಚು. ಸಾಯ್ತೀನಿ ಅಂದರೆ ಒಬ್ಬರನ್ನೇ ಬಿಡಬೇಡಿ, ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ರಾತ್ರಿ ಹೊತ್ತು ಯಾರನ್ನು ಕೇಳುವುದು ಅಂತ ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.