ಬೋಯಿಂಗ್ ವಿಮಾನದ ಮೊದಲ ಗಿರಾಕಿ ಯಾರು? ಹೆಸರಲ್ಲೇ ಇದೆ

ಬೋಯಿಂಗ್ ವಿಮಾನದ ಪೂರ್ತಿ ಮಾದರಿ ಸಂಖ್ಯೆ ಸಿಕ್ಕರೆ ಕೊನೆಯ ಎರಡು ಅಕ್ಷರ ನೋಡಿ. ಅದನ್ನು ಮೊದಲು ಯಾರಿಗಾಗಿ ಕಟ್ಟಿದ್ದು ಅಂತ ಗೊತ್ತಾಗುತ್ತದೆ. 747-437ರಲ್ಲಿ 37 ಅಂದ್ರೆ ಏರ್ ಇಂಡಿಯಾ, 737-85ಆರ್‌ನಲ್ಲಿ 5ಆರ್ ಅಂದ್ರೆ ಜೆಟ್ ಏರ್‌ವೇಸ್. ಬೋಯಿಂಗ್ ಪ್ರತಿ ಗಿರಾಕಿಗೂ ಒಂದೊಂದು ಕೋಡ್ ಕೊಟ್ಟು ಮಾದರಿ ಸಂಖ್ಯೆಗೇ ಸೇರಿಸುತ್ತಿತ್ತು. ವಿಮಾನ ಮಾರಾಟವಾಗಿ ಬಣ್ಣ ಬದಲಾದರೂ, ಭಾರತದ ನೋಂದಣಿಯ ಗುರುತಾದ ವಿಟಿ ಹೋಗಿ ಬೇರೆ ದೇಶದ ನೋಂದಣಿ ಬಂದರೂ ಆ ಕೋಡ್ ಹಾಗೇ ಉಳಿಯುತ್ತದೆ. ಟ್ರ್ಯಾಕಿಂಗ್ ಆ್ಯಪ್‌ನಲ್ಲಿ ಬರೀ ಬಿ738 (737-800ರ ಚುಟುಕು ಹೆಸರು) ಅಂತಿದ್ದರೆ ಸಾಲದು, ನೋಂದಣಿ ಸಂಖ್ಯೆ ಹಾಕಿ ಪೂರ್ತಿ ಹೆಸರು ತೆಗೆಯಿರಿ. ಪಕ್ಕದಲ್ಲಿ ಡಬ್ಲ್ಯುಎಲ್ ಅಂತಿದ್ದರೆ ಅದು ಕೋಡ್ ಅಲ್ಲ, ವಿಂಗ್‌ಲೆಟ್, ಅಂದರೆ ರೆಕ್ಕೆಯ ತುದಿಯ ಮೇಲ್ಬಾಗಿದ ಭಾಗ ಇದೆ ಅಂತ ಅಷ್ಟೇ. ಎಡವುವುದು ಹೆಚ್ಚಾಗಿ ಬಾಡಿಗೆ ವಿಮಾನಗಳಲ್ಲಿ: 737-8ಕ್ಯೂ8 ಅಂದರೆ ಕ್ಯೂ8 ಐಎಲ್‌ಎಫ್‌ಸಿ ಎಂಬ ಲೀಸಿಂಗ್ ಕಂಪನಿಯದು, ಮೊದಲು ಹಾರಿಸಿದ ಏರ್‌ಲೈನ್ ಯಾವುದೆಂದು ಅದು ಹೇಳುವುದಿಲ್ಲ. ಅಲ್ಲಿ ತಯಾರಕರ ಸರಣಿ ಸಂಖ್ಯೆ, ಅಂದರೆ ಎಂಎಸ್‌ಎನ್ ಹಿಡಿದೇ ಹುಡುಕಬೇಕು. 787, 737 ಮ್ಯಾಕ್ಸ್‌ಗಳಿಗೆ ಈ ಕೋಡೇ ಇಲ್ಲ. ಏರ್‌ಬಸ್‌ಗೂ ಇದು ನಡೆಯಲ್ಲ. ಎ320-232ರ ನಡುವಿನ 3 ಐಎಇ ಕಂಪನಿಯ ಎಂಜಿನ್ನಿನ ಗುರುತು, ಎ320-214ರ 1 ಸಿಎಫ್‌ಎಂ ಕಂಪನಿಯ ಎಂಜಿನ್ನಿನದು.